ಮಳೆ ಅಳೆದದ್ದು ಯಾರಿಗಾಗಿ?

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಗೆ ದೊಡ್ಡ ನದಿಯ ನಾಲೆ ನೀರಿಲ್ಲ. ಇರುವುದು ಕೆರೆ, ಕೊಳವೆ ಬಾವಿ. ಅವೆರಡನ್ನೂ ತುಂಬಬೇಕಾದ ಮಳೆ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ರಾಗಿಯೇ ಮುಖ್ಯ ಬೆಳೆ. ಮೇ ತಿಂಗಳಲ್ಲಿ ಒಂದಿಷ್ಟು ಮಳೆ ಬಂದು ನೆಲ ಹದವಾಗುತ್ತದೆ. ಜೂನ್, ಜುಲೈನಲ್ಲಿ ಮೋಡ ಕಟ್ಟುತ್ತದೆ, ಗಾಳಿ ಬೀಸುತ್ತದೆ, ಆದರೆ ಮಳೆ ತುಂತುರಿನಲ್ಲೇ ಮುಗಿಯುವುದುಂಟು. ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆ ಹೊತ್ತಿಗೆ ಪೈರು ತೆನೆ ಬಿಟ್ಟು ಕಾಳು ಕಟ್ಟುವಂತಿರಬೇಕಾದರೆ ಬಿತ್ತನೆಯ ದಿನ ಸರಿಯಾಗಿರಬೇಕು. ಬೇಗ ಬಿತ್ತಿದರೆ ಮೊಳಕೆ ಒಣಗುವ ಭಯ. ತಡವಾದರೆ ದೀರ್ಘಾವಧಿ ತಳಿಯನ್ನು ಬಿಟ್ಟು ಅಲ್ಪಾವಧಿ ತಳಿ ಹುಡುಕಬೇಕು, ಇಳುವರಿಯೂ ಕಡಿಮೆ.

ಹೀಗಿರುವಾಗ ರೈತನಿಗೆ ಸಿಗುವ ಮುನ್ಸೂಚನೆ ಎಂಥದು? ‘ದಕ್ಷಿಣ ಒಳನಾಡಿನ ಒಂದೆರಡು ಕಡೆಗಳಲ್ಲಿ ಮಳೆಯಾಗುವ ಸಂಭವವಿದೆ’ ಎಂಬ ಸಾಲನ್ನು ರೇಡಿಯೊದಲ್ಲಿ ಕೇಳಿ, ಪತ್ರಿಕೆಯಲ್ಲಿ ಓದಿ ನಕ್ಕವರು ಹಲವರು. ಆ ಒಂದೆರಡು ಕಡೆ ಯಾವುದು? ಹವಾಮಾನ ಇಲಾಖೆಯ ನಕ್ಷೆಯಲ್ಲಿ ಕರ್ನಾಟಕಕ್ಕೆ ಮೂರೇ ಉಪವಿಭಾಗಗಳು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯೂ ದಕ್ಷಿಣ ಒಳನಾಡೇ, ತ್ಯಾಮಗೊಂಡ್ಲುವೂ ದಕ್ಷಿಣ ಒಳನಾಡೇ!

ನಗುವುದು ಸುಲಭ. ಆದರೆ ಈ ಸಾಲಿನ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ. ಆ ಇತಿಹಾಸವನ್ನು ಕೆದಕಿದರೆ ತಿಳಿಯುವ ಸಂಗತಿ ಇಷ್ಟು: ಮಳೆಯನ್ನು ಅಳೆಯುವ ಕೆಲಸ ನಮ್ಮಲ್ಲಿ ಮೊದಲು ಶುರುವಾದದ್ದು ಸರ್ಕಾರದ ಅಗತ್ಯಕ್ಕೆ, ಕಂದಾಯದ ಲೆಕ್ಕಕ್ಕೆ. ಆ ಲೆಕ್ಕ ಬಿತ್ತುವವನ ಕೈಗೆ ತಿರುಗಿ ಬರಲು ಬಹಳ ಕಾಲ ಹಿಡಿಯಿತು. ಆ ದಾರಿ ಇಂದಿಗೂ ಪೂರ್ತಿ ಸವೆದಿಲ್ಲ.

ಉಗ್ರಾಣದಲ್ಲಿ ಮಳೆಮಾಪಕ

ಈ ಕಥೆಯ ಅತ್ಯಂತ ಹಳೆಯ ಸಾಕ್ಷ್ಯ ಬೆಳಕಿಗೆ ಬಂದದ್ದು ಮೈಸೂರಿನಲ್ಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯೊಂದರಲ್ಲಿ ಪಂಡಿತ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದನ್ನು ಪ್ರಕಟಿಸಿದರು. ಸುಮಾರು 2,000 ವರ್ಷಗಳ ಹಿಂದಿನದೆಂದು ಎಣಿಸಲಾಗುವ ಈ ಗ್ರಂಥದಲ್ಲಿ ಮಳೆಮಾಪಕದ ಪ್ರಸ್ತಾಪವಿದೆ. ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಬಾಯಗಲದ ಕುಂಡವನ್ನು ಇಟ್ಟು ಮಳೆ ಅಳೆಯಬೇಕು ಎನ್ನುತ್ತದೆ ಗ್ರಂಥ. ಇಡಬೇಕಾದ ಜಾಗ ಯಾವುದು? ಕೋಷ್ಠಾಗಾರ, ಅಂದರೆ ರಾಜನ ಉಗ್ರಾಣ.

ಒಣ ಸೀಮೆಗೆ 16 ದ್ರೋಣ, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23 ಎಂದು ನಾಡು ನಾಡಿನ ಮಳೆಯನ್ನೂ ಕೌಟಿಲ್ಯ ಪಟ್ಟಿ ಮಾಡುತ್ತಾನೆ. ಮಳೆಯ ಪ್ರಮಾಣ ನೋಡಿ ಯಾವ ಬೀಜ ಬಿತ್ತಿಸಬೇಕೆಂದು ಸೀತಾಧ್ಯಕ್ಷನೆಂಬ ಅಧಿಕಾರಿ ತೀರ್ಮಾನಿಸಬೇಕು ಎಂದೂ ಹೇಳುತ್ತಾನೆ. ಆದರೆ ಆ ಅಧಿಕಾರಿ ನೋಡಿಕೊಳ್ಳುವುದು ರಾಜನ ಭೂಮಿಯನ್ನು. ಮಳೆಯ ಲೆಕ್ಕ ಉಗ್ರಾಣದ ಲೆಕ್ಕದ ಭಾಗವಾಗಿತ್ತು ಎಂಬುದು ಗಮನಾರ್ಹ.

ಸಾಮಾನ್ಯ ಒಕ್ಕಲಿಗನ ಬಳಿ ಇದ್ದದ್ದು ಬೇರೆ ಬಗೆಯ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು, ಹದಿನಾಲ್ಕು ದಿನಗಳನ್ನು ಒಂದೊಂದು ಮಳೆ ಎಂದು ಕರೆದು, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಎಣಿಸುತ್ತಾ ಹೋಗುವ ಪಂಚಾಂಗ ಅದು. ಇದು ಮುನ್ಸೂಚನೆ ಅಲ್ಲ. ಸಾಮಾನ್ಯವಾಗಿ ಯಾವ ಹದಿನೈದು ದಿನದಲ್ಲಿ ಏನಾಗುತ್ತದೆ ಎಂಬ ಅನುಭವದ ಸಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಹವೆಯ ಸರಾಸರಿ. ಸರಾಸರಿ ತಪ್ಪಿದ ವರ್ಷ ಏನು ಮಾಡಬೇಕೆಂಬುದಕ್ಕೆ ಪಂಚಾಂಗದಲ್ಲಿ ಉತ್ತರವಿರಲಿಲ್ಲ.

ಬರ ಕಟ್ಟಿದ ಇಲಾಖೆ

ಹಾಗೆ ಸರಾಸರಿ ತಪ್ಪಿದ ಭೀಕರ ವರ್ಷಗಳು 1876ರಿಂದ 1878. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಕುಸಿದದ್ದನ್ನು ನೋಡಿದರೆ ಬರದ ಹೊಡೆತ ಎಷ್ಟೆಂದು ಊಹಿಸಬಹುದು.

ಭಾರತ ಹವಾಮಾನ ಇಲಾಖೆ ಅಷ್ಟರಲ್ಲಿ ಹುಟ್ಟಿತ್ತು. 1864ರ ಕಲ್ಕತ್ತೆಯ ಚಂಡಮಾರುತ, 1866ರ ಒರಿಸ್ಸಾ ಕ್ಷಾಮ ಇವೆರಡೂ ಅಧಿಕಾರಿಗಳ ಕಣ್ಣು ತೆರೆಸಿದ್ದರಿಂದ 1875ರಲ್ಲಿ ಇಲಾಖೆ ಸ್ಥಾಪನೆಯಾಯಿತು. ಮೊದಲ ಮುಖ್ಯಸ್ಥ ಎಚ್.ಎಫ್. ಬ್ಲಾನ್‌ಫರ್ಡ್. ಇಲಾಖೆಗೆ ಒಂದು ವರ್ಷ ತುಂಬುವಷ್ಟರಲ್ಲಿ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ಬರ ಮುಗಿದ ಮೇಲೆ ನೇಮಕವಾದ ಕ್ಷಾಮ ಆಯೋಗದ ವರದಿ ಬಂದದ್ದು 1880ರಲ್ಲಿ. ಮಳೆ ಬರುವುದೋ ಇಲ್ಲವೋ ಮುಂಚೆಯೇ ಹೇಳಲಾಗುವುದೇ ಎಂಬ ಪ್ರಶ್ನೆ ಬ್ಲಾನ್‌ಫರ್ಡ್ ಮುಂದೆ ಬಂತು.

ಆತ ಹಿಡಿದ ಜಾಡು ಹಿಮಾಲಯದ ಹಿಮ. ಚಳಿಗಾಲ ಮತ್ತು ವಸಂತದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂದು ಆತ ಕಂಡುಕೊಂಡ. ಕೆಲವು ವರ್ಷ ಪ್ರಯೋಗ ಮಾಡಿ 1886ರಿಂದ ಮುಂಗಾರಿನ ಮುನ್ಸೂಚನೆಯನ್ನು ನಿಯಮಿತವಾಗಿ ಹೊರಡಿಸಲಾಯಿತು. ಇಡೀ ಋತುವಿನ ಮಳೆಯನ್ನು ಮುಂಚಿತವಾಗಿ ಹೇಳುವ ಕೆಲಸವನ್ನು ಸರ್ಕಾರಿ ಇಲಾಖೆಯೊಂದು ನಿಯಮಿತವಾಗಿ ಕೈಗೆತ್ತಿಕೊಂಡದ್ದು ಜಗತ್ತಿನಲ್ಲಿ ಇದೇ ಮೊದಲೆಂದು ಹೇಳಲಾಗುತ್ತದೆ.

ಮೈಸೂರು ಸಂಸ್ಥಾನವೂ ಸುಮ್ಮನೆ ಕೂರಲಿಲ್ಲ. 1890ರ ದಶಕದ ಆರಂಭದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ವೀಕ್ಷಣಾಲಯ ತಲೆಯೆತ್ತಿತು. ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಇದರ ಹೊಣೆ ಹೊತ್ತರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು. ತಾಲ್ಲೂಕು ಕಚೇರಿಗಳ ಮಳೆಮಾಪಕಗಳ ಅಂಕಿಗಳನ್ನು ಒಟ್ಟುಗೂಡಿಸಿ ವರದಿ ಪ್ರಕಟಿಸುವ ಪದ್ಧತಿ ಬಂತು. ಸಂಸ್ಥಾನವೊಂದು ತನ್ನದೇ ಹವಾಮಾನ ವ್ಯವಸ್ಥೆ ಕಟ್ಟಿಕೊಂಡದ್ದು ಅಂದಿಗೆ ಸಣ್ಣ ಸಂಗತಿಯಲ್ಲ.

ಆದರೂ ಮಳೆಮಾಪಕ ನಿಂತದ್ದು ಕಚೇರಿಯ ಅಂಗಳದಲ್ಲೇ. ಅಳೆದ ಅಂಕಿ ಅಮಲ್ದಾರರಿಂದ ಮೇಲಕ್ಕೆ ಹೋಗುತ್ತಿತ್ತು. ಕಂದಾಯ ವಸೂಲಿ ಎಷ್ಟಾದೀತು, ಎಲ್ಲಿ ವಿನಾಯಿತಿ ಕೊಡಬೇಕು, ಎಲ್ಲಿ ಕ್ಷಾಮ ಪರಿಹಾರದ ಕಾಮಗಾರಿ ತೆರೆಯಬೇಕು ಎಂದು ನಿರ್ಧರಿಸಲು ಅದು ಬೇಕಿತ್ತು. ಅಂಕಿ ಮೇಲಕ್ಕೆ ಹೋಗುವ ದಾರಿ ಇತ್ತು. ಕೆಳಕ್ಕೆ ಬರುವ ದಾರಿ ಇರಲಿಲ್ಲ.

ಗುಟ್ಟಾದ ಮುನ್ಸೂಚನೆ

ಬ್ಲಾನ್‌ಫರ್ಡ್ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂದು ಹೇಳಿದರು. ಆ ವರ್ಷ ಬಂದದ್ದು ಘೋರ ಬರ. ಟೀಕೆ ಎಷ್ಟಾಯಿತೆಂದರೆ, ಮುಂದಿನ ಕೆಲವು ವರ್ಷ ಮುನ್ಸೂಚನೆಯನ್ನು ಸಾರ್ವಜನಿಕರಿಗೆ ಕೊಡದೆ ಅಧಿಕಾರಿಗಳ ಮಟ್ಟದಲ್ಲೇ ಗುಟ್ಟಾಗಿ ಇಡಲಾಯಿತು. ತಪ್ಪಿದ ಮುನ್ಸೂಚನೆಗೆ ಕಂಡುಕೊಂಡ ಪರಿಹಾರ ಜನರಿಂದ ಅದನ್ನು ಮುಚ್ಚಿಡುವುದು!

1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದವರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತಜ್ಞ, ಹವಾಮಾನದ ಅನುಭವ ಅವರಿಗಿರಲಿಲ್ಲ. ಹಿಮ ಒಂದನ್ನೇ ನಂಬದೆ, ಜಗತ್ತಿನ ಮೂಲೆಮೂಲೆಯ ಗಾಳಿಯ ಒತ್ತಡ, ಉಷ್ಣತೆ, ಮಳೆಯ ಅಂಕಿಗಳನ್ನು ತರಿಸಿ, ಯಾವುದಕ್ಕೂ ಯಾವುದಕ್ಕೂ ನಂಟಿದೆ ಎಂದು ಲೆಕ್ಕ ಹಾಕಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ. ಇಲಾಖೆಯ ಭಾರತೀಯ ಗುಮಾಸ್ತರು ಕೈಯಲ್ಲೇ ಗುಣಿಸಿ ಭಾಗಿಸಿ ಈ ಕೆಲಸ ಮಾಡಿದರು. ಆ ಲೆಕ್ಕದ ರಾಶಿಯಿಂದ ಹೊರಬಿದ್ದದ್ದು ‘ದಕ್ಷಿಣದ ಆಂದೋಲನ’. ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ತಕ್ಕಡಿಯಾಟ.

ವಾಕರ್ ಮುಂಗಾರನ್ನು ಖಚಿತವಾಗಿ ಹೇಳುವ ಸೂತ್ರ ಕಂಡುಹಿಡಿಯಲಿಲ್ಲ. ಆದರೆ 1960ರ ದಶಕದಲ್ಲಿ ಬೇರೆ ವಿಜ್ಞಾನಿಗಳು ಈ ತಕ್ಕಡಿಯಾಟಕ್ಕೂ ಪೆಸಿಫಿಕ್‌ನ ನೀರು ಬಿಸಿಯಾಗುವ ‘ಎಲ್ ನಿನೋ’ಗೂ ಇರುವ ನಂಟನ್ನು ತೋರಿಸಿದರು. ಇಂದು ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ಎಲ್ ನಿನೋ ಸುದ್ದಿ ತಪ್ಪದೆ ಬರುವುದಕ್ಕೆ ಮೂಲ ಆ ಗುಮಾಸ್ತರ ಲೆಕ್ಕವೇ.

‘ಒಂದೆರಡು ಕಡೆ’ ಎಂದರೆ ಏನು?

ರೈತನ ಕಡೆಗೆ ಇಲಾಖೆ ಮುಖ ತಿರುಗಿಸಿದ ಮೊದಲ ಹೆಜ್ಜೆ 1932ರದು. ಆ ವರ್ಷ ಪುಣೆಯಲ್ಲಿ ಎಲ್.ಎ. ರಾಮದಾಸ್ ಅವರ ನೇತೃತ್ವದಲ್ಲಿ ಕೃಷಿ ಹವಾಮಾನದ ವಿಭಾಗ ಶುರುವಾಯಿತು. 1945ರಿಂದ ರೇಡಿಯೊದಲ್ಲಿ ರೈತರಿಗಾಗಿಯೇ ಹವಾಮಾನ ವಾರ್ತೆ ಬಿತ್ತರವಾಗತೊಡಗಿತು.

ಸ್ವಾತಂತ್ರ್ಯ ಬಂದಾಗ ಮಳೆ ಅಳೆಯುವ ಸರಳ ಉಪಕರಣಗಳಿಗೂ ನಾವು ಹೊರದೇಶದತ್ತ ನೋಡುತ್ತಿದ್ದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅನ್ನಾ ಮಣಿ 1948ರಲ್ಲಿ ಹವಾಮಾನ ಇಲಾಖೆ ಸೇರಿ, ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಅಳತೆಯಿಲ್ಲದಿರುವುದಕ್ಕಿಂತ ಕೆಟ್ಟದ್ದೆಂಬುದು ಅವರ ನಿಲುವಾಗಿತ್ತು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿ, ಬಿಸಿಲು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ನಡೆಸಿದರು.

ಈಗ ನಾವು ನಗುವ ಆ ಸಾಲಿಗೆ ಬರೋಣ. ‘ಒಂದೆರಡು ಕಡೆ’ ಎಂಬುದು ನುಣುಚಿಕೊಳ್ಳುವ ಮಾತಲ್ಲ, ಅದಕ್ಕೆ ಅಳತೆಯಿದೆ. ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾದರೆ ‘ಒಂದೆರಡು ಕಡೆ’. ಶೇ 50ರವರೆಗೆ ‘ಕೆಲವು ಕಡೆ’, ಶೇ 75ರವರೆಗೆ ‘ಹಲವು ಕಡೆ’, ಅದಕ್ಕೂ ಮೀರಿದರೆ ‘ಬಹುತೇಕ ಕಡೆ’. ತೊಂದರೆ ಇರುವುದು ಮಾತಿನಲ್ಲಲ್ಲ, ಆ ಮಾತು ಸೃಷ್ಟಿಯಾದ ಉದ್ದೇಶದಲ್ಲಿ. ಇಡೀ ಉಪವಿಭಾಗವನ್ನು ಮೇಲಿನಿಂದ ನೋಡುವವರಿಗೆ ಅದು ಸಾಕು. ಎರಡು ಎಕರೆ ರಾಗಿ ಹೊಲದವನಿಗೆ ಸಾಲದು.

1988ರ ಎರಡು ದಾರಿ

1985ರಿಂದ 1987ರವರೆಗೆ ಕರ್ನಾಟಕ ಸತತ ಬರ ಕಂಡಿತು. 1987ರಲ್ಲಿ ಇಡೀ ದೇಶಕ್ಕೆ ಬರ. ಅದರ ಬೆನ್ನಲ್ಲೇ, 1988ರಲ್ಲಿ, ಎರಡು ಬೇರೆ ಬೇರೆ ದಾರಿಗಳು ತೆರೆದವು.

ಮೊದಲನೆಯದು ದೆಹಲಿಯದು. ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರ ಆ ವರ್ಷ ಹುಟ್ಟಿತು. ಮೂರರಿಂದ ಹತ್ತು ದಿನ ಮುಂಚೆ ಹವೆ ಹೇಳುವುದು ಅದರ ಗುರಿ. ಅದಕ್ಕಾಗಿ ಅಮೆರಿಕದಿಂದ ‘ಕ್ರೇ’ ಸೂಪರ್ ಕಂಪ್ಯೂಟರ್ ತರಿಸಲಾಯಿತು. ಕೇಳಿದ್ದಕ್ಕಿಂತ ಕಡಿಮೆ ಶಕ್ತಿಯ ಮಾದರಿಯನ್ನಷ್ಟೇ ಅಮೆರಿಕ ಕೊಟ್ಟಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ತಯಾರಾಗಿತ್ತು. 1990ರ ದಶಕದಲ್ಲಿ ದೆಹಲಿ ಕೇಂದ್ರದ ಮುನ್ಸೂಚನೆಯ ಗಣಿತವನ್ನು ಇದರ ಮೇಲೂ ಓಡಿಸಿ ತೋರಿಸಲಾಯಿತು.

ಅದೇ ಕಾಲದಲ್ಲಿ ವಸಂತ ಗೋವಾರೀಕರ್ ಅವರ ತಂಡ 16 ಅಂಶಗಳ ಸೂತ್ರವನ್ನು ಮುಂದಿಟ್ಟಿತು. ವರ್ಷ ವರ್ಷವೂ ಮಳೆ ‘ಸಾಮಾನ್ಯ’ ಎಂಬ ಭವಿಷ್ಯ ನಿಜವಾಗುತ್ತಾ ಬಂತು. 2002ರಲ್ಲಿ ಆ ಸೂತ್ರ ಕೈಕೊಟ್ಟಿತು. ಶೇ 101ರಷ್ಟು ಮಳೆ ಎಂದು ಹೇಳಿದ್ದಾಗ ಬಂದದ್ದು ಶೇ 81. ಜುಲೈ ಒಂದರಲ್ಲೇ ದೇಶದ ಮಳೆ ಅರ್ಧಕ್ಕರ್ಧ ಕಡಿಮೆ. ಬೀಜ, ಗೊಬ್ಬರಕ್ಕೆ ಸಾಲ ಮಾಡಿ ಕಾದವರಿಗೆ ಆ ಜುಲೈ ತಿಂಗಳು ಮರೆಯುವಂಥದ್ದಲ್ಲ. 2003ರಲ್ಲಿ ಸೂತ್ರ ಬದಲಾಯಿತು. 2012ರಿಂದ ‘ಮಾನ್ಸೂನ್ ಮಿಷನ್’ ಯೋಜನೆಯಡಿ ಕಡಲು ಮತ್ತು ವಾತಾವರಣ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳತ್ತ ಇಲಾಖೆ ಹೊರಳಿತು.

ಎರಡನೆಯ ದಾರಿ ಕರ್ನಾಟಕದ್ದು. 1988ರಲ್ಲಿ ರಾಜ್ಯ ಸರ್ಕಾರ ಬರ ಪರಿಶೀಲನಾ ಘಟಕವನ್ನು ಸ್ಥಾಪಿಸಿತು. ದೇಶದಲ್ಲಿ ಇಂಥದು ಇದೇ ಮೊದಲು. ಮಳೆ ಬರುವುದನ್ನು ಹೇಳುವುದಕ್ಕಿಂತ, ಬಿದ್ದ ಮಳೆ, ನೆಲದ ತೇವ, ಕೆರೆ ನೀರು, ಪೈರಿನ ಸ್ಥಿತಿಯನ್ನು ದಿನದಿನ ಗಮನಿಸಿ, ಬರ ಮೈಮೇಲೆ ಬರುವ ಮುಂಚೆ ಎಚ್ಚರಿಸುವುದು ಇದರ ಕೆಲಸ. 2007ರಲ್ಲಿ ಇದೇ ಘಟಕ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ತಾಲ್ಲೂಕು ಕಚೇರಿಯ ಅಂಗಳದಲ್ಲಿದ್ದ ಮಳೆಮಾಪಕ ಹೋಬಳಿಗೆ, ಆಮೇಲೆ ಗ್ರಾಮ ಪಂಚಾಯಿತಿಗೆ ಇಳಿಯಿತು. ಇಂದು ರಾಜ್ಯದಲ್ಲಿ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳಿವೆ. ಸರಾಸರಿ 30 ಚದರ ಕಿ.ಮೀ.ಗೆ ಒಂದು. ಸೌರಶಕ್ತಿಯಿಂದ ನಡೆಯುವ ಇವು 15 ನಿಮಿಷಕ್ಕೊಮ್ಮೆ ಯಲಹಂಕದ ಕೇಂದ್ರಕ್ಕೆ ಅಂಕಿ ಕಳಿಸುತ್ತವೆ. 2011ರಲ್ಲಿ ಶುರುವಾದ ‘ವರುಣಮಿತ್ರ’ ದೂರವಾಣಿಯ ಮೂಲಕ ರೈತ ತನ್ನ ಹೋಬಳಿಯ ಹೆಸರು ಹೇಳಿ ಕೇಳುವ ಅನುಕೂಲವಾಯಿತು. ಅಂಕಿ ಕೆಳಕ್ಕೆ ಬರುವ ದಾರಿ ಕೊನೆಗೂ ತೆರೆಯಿತು.

ಪ್ರಶ್ನೆ ಬದಲಿಸಿದವರು

ಇದೇ ಹೊತ್ತಿಗೆ ವಿಜ್ಞಾನ ಮಂದಿರದ ವಾತಾವರಣ ವಿಜ್ಞಾನ ಕೇಂದ್ರದಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿತ್ತು. ಡಿ.ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳ್ 1980ರಲ್ಲಿ ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿ, ಮುಂಗಾರಿನ ಮೋಡದ ಪಟ್ಟಿ ಸಮಭಾಜಕದ ಕಡೆಯ ಸಾಗರದಿಂದ ಉತ್ತರಕ್ಕೆ ವಾರಗಟ್ಟಲೆ ಸರಿಯುತ್ತಾ, ಮತ್ತೆ ಮತ್ತೆ ಹುಟ್ಟುತ್ತಾ ಹೋಗುವುದನ್ನು ತೋರಿಸಿದರು. ಮಳೆ ನಡುನಡುವೆ ಬಿಡುವು ಕೊಡುವುದರ ಗುಟ್ಟು ಇದರಲ್ಲಿದೆ. ಮುಂದೆ ಗಾಡ್ಗೀಳ್ ಅವರು ಪಾವಗಡ, ಅನಂತಪುರ ಸೀಮೆಯ ಕಡಲೆಕಾಯಿ ರೈತರ ಜತೆ ಕೆಲಸ ಮಾಡಿದರು. ಸ್ವತಃ ಬೇಸಾಯ ಬಲ್ಲ ಪಿ.ಆರ್. ಶೇಷಗಿರಿರಾವ್ ಅವರು ಇದರಲ್ಲಿ ಜತೆಗಾರರು.

ಅವರು ಕೇಳಿದ ಪ್ರಶ್ನೆ ಬೇರೆ. ಈ ವರ್ಷ ಎಷ್ಟು ಮಳೆ ಎಂದಲ್ಲ. ಹಳೆಯ ವರ್ಷಗಳ ಮಳೆಯ ಲೆಕ್ಕ ನೋಡಿದರೆ, ಯಾವ ವಾರ ಬಿತ್ತಿದರೆ ಕಾಯಿ ಕಟ್ಟುವಾಗ ಒಣ ದಿನಗಳು ಬೀಳುವ ಸಂಭವ ಕಡಿಮೆ? ಹೀಗೆ ಕೇಳಿದಾಗ ಮುನ್ಸೂಚನೆ ಇಲ್ಲದೆಯೂ ಮಳೆಯ ದಾಖಲೆ ಉಪಯೋಗಕ್ಕೆ ಬರುತ್ತದೆ. ಕಚೇರಿಗಳು ಕಂದಾಯಕ್ಕೆಂದು ಬರೆದಿಟ್ಟ ಅಂಕಿಗಳು ಬಿತ್ತನೆಗೆ ದಾರಿ ತೋರಿದ್ದು ಹೀಗೆ.

ಜಗತ್ತು ಇದೇ ತಿಳಿವಳಿಕೆಗೆ ಬಂದದ್ದು ತುಸು ತಡವಾಗಿ. 2009ರಲ್ಲಿ ಜಿನೀವಾದಲ್ಲಿ ಸೇರಿದ ಮೂರನೆಯ ವಿಶ್ವ ಹವಾಗುಣ ಸಮ್ಮೇಳನ ‘ಹವಾಗುಣ ಸೇವೆಗಳ ಜಾಗತಿಕ ಚೌಕಟ್ಟು’ ರೂಪಿಸಲು ನಿರ್ಧರಿಸಿತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದರ ಜಾರಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವೀಕ್ಷಣೆ, ಸಂಶೋಧನೆ, ಮಾಹಿತಿ ವ್ಯವಸ್ಥೆ, ಸಿಬ್ಬಂದಿಯ ತರಬೇತಿ ಇವುಗಳ ಜತೆ ಐದನೆಯದಾಗಿ ಬಳಕೆದಾರರೊಂದಿಗಿನ ಸಂಪರ್ಕವನ್ನೂ ಅದು ಕಡ್ಡಾಯ ಅಂಗವಾಗಿ ಎಣಿಸಿತು. ದಕ್ಷಿಣ ಏಷ್ಯಾದ ದೇಶಗಳು 2010ರಿಂದ ಮುಂಗಾರಿಗೆ ಮುಂಚೆ ಒಟ್ಟಿಗೆ ಕೂತು ಒಮ್ಮತದ ಮುನ್ನೋಟ ಹೊರಡಿಸುತ್ತವೆ. ಮೊದಲ ಸಭೆ ನಡೆದದ್ದು ಪುಣೆಯಲ್ಲಿ.

ಕೊನೆಯ ಮೈಲಿ

ಇಷ್ಟೆಲ್ಲ ಆದ ಮೇಲೂ ಸಮಸ್ಯೆ ಎಲ್ಲಿ ಉಳಿದಿದೆ ಎಂಬುದನ್ನು 2023 ತೋರಿಸಿಕೊಟ್ಟಿತು. ಆ ಏಪ್ರಿಲ್‌ನಲ್ಲಿ ಇಲಾಖೆ ದೇಶಕ್ಕೆ ಶೇ 96ರಷ್ಟು ಮಳೆ ಎಂದಿತ್ತು. ಬಂದದ್ದು ಶೇ 94. ಲೆಕ್ಕದ ದೃಷ್ಟಿಯಿಂದ ಮುನ್ಸೂಚನೆ ಸರಿ. ಆದರೆ ಅದೇ ವರ್ಷ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ದೇಶದ ಸರಾಸರಿ ಹೇಳುವ ಮಾತಿಗೂ ತಾಲ್ಲೂಕಿನ ಹೊಲಕ್ಕೂ ಇರುವ ಅಂತರ ಇದು.

ಮಳೆಮಾಪಕದ ಅಂಕಿಗೆ ಇಂದು ಹಿಂದೆಂದಿಗಿಂತ ಹೆಚ್ಚು ಬೆಲೆ. ಬರ ಘೋಷಣೆಗೆ ಕೇಂದ್ರದ 2016ರ ಕೈಪಿಡಿ ಮಳೆಯ ಕೊರತೆ, ಒಣ ದಿನಗಳ ಅವಧಿಯನ್ನೇ ಮೊದಲ ಮಾನದಂಡ ಮಾಡಿದೆ. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಮಾಪಕ ತೋರಿಸಿದ ಅಂಕಿಯೇ ಅಂತಿಮ. ಹೊಲ ಒಣಗಿದ್ದರೂ ಮಾಪಕ ನೆನೆದಿದ್ದರೆ ಪರಿಹಾರ ಕಷ್ಟ. ಉಗ್ರಾಣದ ಲೆಕ್ಕ ಇಂದಿಗೂ ಜೀವಂತವಾಗಿದೆ ಎಂದಾಯಿತು. ಕೊಡುವವರು, ತೆಗೆದುಕೊಳ್ಳುವವರು ಮಾತ್ರ ಅದಲು ಬದಲಾಗಿದ್ದಾರೆ.

ಮುನ್ಸೂಚನೆಯ ಶಕ್ತಿ ಬೆಳೆದಿದೆ. 2024ರ ಸೆಪ್ಟೆಂಬರ್‌ನಲ್ಲಿ 2,000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ಗೆ ಕೇಂದ್ರ ಸಂಪುಟ ಒಪ್ಪಿತು. ಅದೇ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಶುರುವಾಯಿತು. 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ನೆಲವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಮೊದಲು ಇದು 12 ಕಿ.ಮೀ. ಇತ್ತು.

ಆದರೆ ಅಂಕಿಯನ್ನು ಮಾತಾಗಿಸುವವರು ಯಾರು? ನಾಳೆ 12 ಮಿ.ಮೀ. ಮಳೆ ಎಂದರೆ ಕೂರಿಗೆ ಹೂಡಬೇಕೋ, ಗೊಬ್ಬರ ಚೆಲ್ಲುವುದನ್ನು ನಿಲ್ಲಿಸಬೇಕೋ ಎಂದು ತಿಳಿಸುವುದು ಬೇರೆಯೇ ಕೆಲಸ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಂಥ ಕೇಂದ್ರಗಳು ಮಂಗಳವಾರ, ಶುಕ್ರವಾರ ಸಲಹೆ ಹೊರಡಿಸುವುದು ಇದಕ್ಕಾಗಿಯೇ. ಇದನ್ನು ಜಿಲ್ಲೆಗೆ ಇಳಿಸಲು 2018ರಿಂದ ದೇಶದ 199 ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆಯಲಾಗಿತ್ತು. 2024ರ ಮಾರ್ಚ್ ಕೊನೆಗೆ ಅವನ್ನು ಮುಚ್ಚಲಾಯಿತು. ಕಂಪ್ಯೂಟರ್ ದೊಡ್ಡದಾಗುತ್ತಿದ್ದ ವರ್ಷದಲ್ಲೇ ಅದರ ಮಾತನ್ನು ಹಳ್ಳಿಗೆ ಮುಟ್ಟಿಸಬೇಕಾದ ಕೊಂಡಿ ಕಳಚಿತು.

ಒಂದೂವರೆ ಶತಮಾನದ ಅನುಭವ ಹೇಳುವುದೇನೆಂದರೆ, ಪ್ರತಿ ಬರದ ನಂತರವೂ ಒಂದು ಇಲಾಖೆಯೋ ಘಟಕವೋ ಹುಟ್ಟಿದೆ, ಉಪಕರಣ ಸುಧಾರಿಸಿದೆ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ಮರೆತುಹೋಗುವುದು ಜನರ ಸಂಬಳ, ತರಬೇತಿ, ಮಾಪಕದ ದುರಸ್ತಿ. ತ್ಯಾಮಗೊಂಡ್ಲು ಸೀಮೆಯ ರಾಗಿ ಹೊಲಕ್ಕೆ ಬೇಕಾದದ್ದು ಮೂರೇ: ಸರಿಯಾಗಿ ಅಳೆಯುವ ಮಾಪಕ, ಅದನ್ನು ಬಳಸುವ ಮುನ್ಸೂಚನೆ, ಮತ್ತು ಬಿತ್ತನೆ ಬೀಜ ಕೊಳ್ಳುವ ಹೊತ್ತಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ದೀರ್ಘಾವಧಿ ತಳಿಯೋ ಅಲ್ಪಾವಧಿ ತಳಿಯೋ ಎಂದು ಮಳೆ ನೋಡಿ ಹೇಳಬಲ್ಲ ಒಬ್ಬ ತಿಳಿದವರು. ಮೊದಲೆರಡಕ್ಕೆ ದೇಶ ಖರ್ಚು ಮಾಡಿದೆ. ಮೂರನೆಯದರ ಖರ್ಚು ಅವೆರಡಕ್ಕಿಂತ ಕಡಿಮೆ. ಅದನ್ನು ಮುಂದಿನ ಬರ ನೆನಪಿಸುವವರೆಗೆ ಕಾಯಬೇಕಾಗಿಲ್ಲ.